ಬಿಜಲಿಯ ಕಾಲಿಗೆ ಬೇವಿನ ಪಟ್ಟಿ

ಕಸ್ತೂರಿಬಾಯಿ ಹುಟ್ಟಿದ್ದು ಭಾಲ್ಕಿಯಲ್ಲಿ, ಸೊಸೆಯಾಗಿ ಬಂದದ್ದು ಔರಾದಿಗೆ. ತವರಿನಿಂದ ಅವಳು ತಂದ ರೂಢಿಗಳಲ್ಲಿ ಅತ್ತೆ ರುಕ್ಮಿಣಿಬಾಯಿಗೆ ಮೆಚ್ಚುಗೆಯಾದದ್ದು ಒಂದೇ. ಯಾರ ಮನೆಯ ಪಾತ್ರೆಯನ್ನೂ ಅವಳು ಖಾಲಿ ಹಿಂದಿರುಗಿಸುತ್ತಿರಲಿಲ್ಲ. ಮಜ್ಜಿಗೆ ತಂದ ತಂಬಿಗೆಯಲ್ಲಿ ನಾಲ್ಕು ಬದನೆಕಾಯಿ, ಸಕ್ಕರೆ ತಂದ ಬಟ್ಟಲಲ್ಲಿ ಒಂದು ಹಿಡಿ ಕಡಲೆ, ಮನೆಯಲ್ಲಿ ಏನೂ ಇಲ್ಲದ ದಿನ ಹಿತ್ತಲಿನ ಕೊತ್ತಂಬರಿ.

ಹೀಗೆ ಹೋಗಿಬರುತ್ತಿದ್ದ ಪಾತ್ರೆಗಳಲ್ಲಿ ಹೆಚ್ಚಿನವು ವಜೀರಬೀಯವು. ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಆಚೆ ಬದಿಯಲ್ಲಿ ವಜೀರಬೀ ಒಬ್ಬಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಊರವರ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಅವಳಿಗಿದ್ದದ್ದು ಒಂದು ಬೂದು ಬಣ್ಣದ ಬೆಕ್ಕು. ಹಣೆಯ ಮೇಲೆ ಬಿಳಿ ಗೆರೆ ಇತ್ತೆಂದು ಅದಕ್ಕೆ ಬಿಜಲಿ ಎಂದು ಹೆಸರಿಟ್ಟಿದ್ದಳು.

ಪೊಲೀಸ್ ಆ್ಯಕ್ಷನ್ ಆದ ವರ್ಷದ ಬೇಸಿಗೆ. ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಅಂಜಿ ಕಸ್ತೂರಿಯ ಮನೆಯವರೆಲ್ಲ ಗಡಿ ದಾಟಿ ಸೊಲ್ಲಾಪುರದ ಕಡೆಯ ನೆಂಟರಲ್ಲಿಗೆ ಹೊರಟರು. ಮನೆಯ ಬೀಗದ ಕೈ ಮತ್ತು ಹಾಲು ಕೊಡುವ ಎಮ್ಮೆ ವಜೀರಬೀಯ ಪಾಲಿಗೆ ಬಂದವು. ಹಿಂದುಸ್ತಾನದ ದಂಡು ಬಂದು, ನಿಜಾಮರ ಆಳಿಕೆ ಮುಗಿದು, ಇವರು ಮರಳಿ ಬಂದಾಗ ಎಮ್ಮೆ ಮೈತುಂಬಿಕೊಂಡು ನಿಂತಿತ್ತು. ವಜೀರಬೀ ಬೀಗದ ಕೈಯ ಜೊತೆಗೆ ಒಂದು ಗಡಿಗೆ ತುಪ್ಪ ತಂದಿಟ್ಟಳು.

"ಹಾಲ ನಾ ಕುಡಿದೀನಿ, ಸುಳ್ಳ ಯಾಕ ಹೇಳಲಿ," ಅಂದಳು. "ಬೆಣ್ಣಿ ಮಾತ್ರ ನಿಮ್ದು."

ಆದರೆ ಈಗ ಅಂಜಿಕೆ ಗೋಡೆಯ ಆ ಬದಿಗೆ ದಾಟಿತ್ತು. ಎಲ್ಲೆಲ್ಲಿಂದಲೋ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡ ಸುದ್ದಿ ಬರುತ್ತಿದ್ದವು. ವಜೀರಬೀಯ ತಮ್ಮ ಶರಫೋದ್ದೀನ ಬೀದರಿನಿಂದ ಗಾಡಿ ಮಾಡಿಕೊಂಡು ಬಂದವನು, ಅಕ್ಕ ಒಲ್ಲೆನೆಂದರೂ ಕೇಳದೆ ಕರೆದೊಯ್ದ. ಬೆಕ್ಕು ಮಾತ್ರ ಗಾಡಿ ಹತ್ತಲಿಲ್ಲ. ಹಿಡಿದು ಬುಟ್ಟಿಯಲ್ಲಿಟ್ಟರೆ ಹಾರಿ ಗೋಡೆಯ ಮೇಲೆ ಹೋಗಿ ಕೂತಿತು.

"ಇದನ್ನ ನೀನೇ ನೋಡ್ಕೋ ಬೇಟಿ," ಎಂದು ವಜೀರಬೀ ತನ್ನ ಬೀಗದ ಕೈಯನ್ನು ಗೋಡೆಯ ಮೇಲಿಂದ ಚಾಚಿದಳು.

"ಹೋಗಿ ಬರ್ರಿ ಚಾಚಿ."

"ಹೋಗ್ತೀನಿ," ಅಂದಳು ವಜೀರಬೀ. ಬರ್ತೀನಿ ಅನ್ನಲಿಲ್ಲ. ಆ ಒಂದು ಮಾತು ಕಸ್ತೂರಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಅದಾದ ಮೇಲೆ ಬಿಜಲಿ ಉಣ್ಣಲು ಇವರ ಮನೆಗೆ ಬಂದರೂ ಉಳಿದ ಹೊತ್ತೆಲ್ಲ ಗೋಡೆಯ ಮೇಲೆಯೇ ಕೂತು ಬೀಗ ಹಾಕಿದ ಬಾಗಿಲನ್ನು ಕಾಯುತ್ತಿತ್ತು. ಚಿತ್ತಿ ಮಳೆ ಬಿಡದೆ ಹಿಡಿದಾಗ ಗೋಡೆ ನೆನೆದು, ಮೇಲಿನ ಕಲ್ಲೊಂದು ಬೆಕ್ಕಿನ ಸಮೇತ ಕಳಚಿ ಬಿತ್ತು. ಕಸ್ತೂರಿ ಓಡಿಹೋಗಿ ನೋಡಿದರೆ ಬೆಕ್ಕು ಒಂದು ಹಿಂಗಾಲನ್ನು ಕೆಸರಿನಲ್ಲಿ ಎಳೆದುಕೊಂಡು ತೆವಳುತ್ತಿತ್ತು. ಮುಟ್ಟಲು ಹೋದ ಕೈಯನ್ನು ಪರಚಿತು. ಅವಳು ಒಣಹಾಕಿದ್ದ ಹಳೆಯ ಸೀರೆಯ ತುಂಡನ್ನು ಅದರ ಮೇಲೆ ಚೆಲ್ಲಿ, ಕೂಸನ್ನು ಸುತ್ತುವ ಹಾಗೆ ಸುತ್ತಿ ಒಳಗೆ ತಂದಳು.

"ನಿನ್ನ ಮಗಳಿಗಿ ಮೊಲಿ ಬಿಡಸಾಕ ಆಗವಲ್ದು ನಿನಗ," ಅಂದಳು ರುಕ್ಮಿಣಿಬಾಯಿ. "ಈಗ ಬೆಕ್ಕಿನ ಬಾಣಂತನ ಬ್ಯಾರೆ ಮಾಡ್ತಿ ಏನು?"

"ಕಾಲ ಮುರದದರಿ ಅತ್ತಿ. ಬಾಣಂತನ ಅಲ್ರಿ."

"ಎಲ್ಲಾ ಒಂದೇ. ಬೆಚ್ಚಗ ಮೂಲ್ಯಾಗ ಮಲಗಸೂದು, ಹೊತ್ತಹೊತ್ತಿಗಿ ಉಣಸೂದು."

ಸಂತಪುರದ ದಾರಿಯಲ್ಲಿ, ಊರ ಹೊರಗೆ, ಧೊಂಡಿಬಾನ ಕುರಿಹಟ್ಟಿ. ಕಾಲು ಮುರಿದ ಕುರಿಮರಿಗಳಿಗೆ ಅವನೇ ಪಟ್ಟಿ ಕಟ್ಟುತ್ತಿದ್ದ. ಕಸ್ತೂರಿ ಬುಟ್ಟಿಯ ಮುಚ್ಚಳ ತೆಗೆದು ತೋರಿಸಿದಾಗ ಮುದುಕ ಎರಡು ಹೆಜ್ಜೆ ಹಿಂದೆ ಸರಿದ.

"ಮರಿ ತಂದಿ ಅಂತ ತಿಳದಿದ್ದೆ! ಬೆಕ್ಕಿನ ಕಾಲ ಯಾರ ಕಟ್ತಾರ ತಂಗಿ? ಕುರಿ ಆದ್ರ ಸುಮ್ಮ ನಿಂದರ್ತದ. ಇದು ನನ್ನ ಮಾರಿ ಹರೀತದ."

"ನಾ ಹಿಡೀತೇನ್ರಿ ಕಾಕಾ."

"ನೀ ಹ್ಯಾಂಗ ಹಿಡೀತಿ ಅಂಬೂದು ನಿನ್ನ ಕೈ ನೋಡಿದ್ರ ಗೊತ್ತಾಗ್ತದ," ಎಂದು ನಕ್ಕ. ನಗುತ್ತಲೇ ಕಾಲನ್ನು ಮೆಲ್ಲಗೆ ಒತ್ತಿ ನೋಡಿದ. "ಎಲುವು ಹೊರಗ ಬಂದಿಲ್ಲ. ಕೂಡ್ತದ. ಆದ್ರ ಅಲುಗಾಡಗೊಡಬಾರದು, ಪಟ್ಟಿ ಬಿಚ್ಚಗೊಡಬಾರದು."

ಬಿದಿರಿನ ಸಣ್ಣ ಚಕ್ಕೆ, ಹತ್ತಿ, ಬಟ್ಟೆ. ಅದರ ಮೇಲೆ ಬಳಿಯಲು ಉದ್ದಿನ ಹಿಟ್ಟಿಗೆ ಕೋಳಿತತ್ತಿಯ ಲೋಳೆ. ತತ್ತಿ ಒಡೆಯುವಾಗ ಕಸ್ತೂರಿ ಮುಖ ತಿರುಗಿಸಿದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಜನ್ಮದಲ್ಲಿ ತತ್ತಿ ಮುಟ್ಟಿದವಳಲ್ಲ. "ಒಣಗಿದ್ರ ಕಲ್ಲ ಆಗ್ತದ," ಎಂದು ಧೊಂಡಿಬಾ ಭರವಸೆ ಕೊಟ್ಟ.

ಮರುದಿನ ಬೆಳಿಗ್ಗೆ ನೋಡಿದರೆ ಬಿಜಲಿ ಪಟ್ಟಿಯನ್ನು ನೆಕ್ಕಿ ನೆಕ್ಕಿ ಬಟ್ಟೆಯನ್ನು ಒಗೆದಷ್ಟು ಶುಭ್ರ ಮಾಡಿಟ್ಟಿತ್ತು. ಚಕ್ಕೆಗಳು ಆಚೆಗೊಂದು ಈಚೆಗೊಂದು ಬಿದ್ದಿದ್ದವು. ಕುರಿ ತತ್ತಿ ತಿನ್ನುವುದಿಲ್ಲ, ಬೆಕ್ಕು ತಿನ್ನುತ್ತದೆ. ಇಷ್ಟು ಧೊಂಡಿಬಾನಿಗೂ ಹೊಳೆದಿರಲಿಲ್ಲ, ಕಸ್ತೂರಿಗಂತೂ ಹೊಳೆಯುವ ಮಾತೇ ಇರಲಿಲ್ಲ.

ರುಕ್ಮಿಣಿಬಾಯಿ ಮೂಗಿಗೆ ಸೆರಗು ಹಿಡಿದಳು. "ಶಿವಾ ಶಿವಾ! ಲಿಂಗವಂತರ ಮನ್ಯಾಗ ತತ್ತಿ ವಾಸನಿ! ಮ್ಯಾಲ ಅದು ನೋಡು, ಮದವಿ ಊಟ ಉಂಡವರಂಗ ಕುಂತದ."

ಉದ್ದು ಮಾರಲು ಬೀದರಿನ ಪೇಟೆಗೆ ಹೋಗಿದ್ದ ಗಂಡ ಬಸವಣ್ಣೆಪ್ಪ ಮರಳಿದ್ದು ಅದೇ ದಿನ. ಅವನು ವಜೀರಬೀಯನ್ನು ಕಂಡು ಬಂದಿದ್ದ.

"ಮನಿ ಹ್ಯಾಂಗದ ಅನ್ಲಿಲ್ಲ, ಓಣ್ಯಾಗ ಯಾರ ಹ್ಯಾಂಗ ಇದ್ದಾರ ಅನ್ಲಿಲ್ಲ. ಬರೀ ಬಿಜಲಿ ಹ್ಯಾಂಗದ, ಬಿಜಲಿ ಉಣ್ತದೇನು, ಇದೇ ಮಾತು."

"ನೀವು ಏನಂದ್ರಿ?"

"ಅರಾಮ ಅದ ಅಂದೆ. ನಾ ಹ್ವಾದಾಗ ಅರಾಮೇ ಇತ್ತಲ್ಲ." ತಲೆಯ ಪಟಗ ಬಿಚ್ಚುತ್ತ ದನಿ ತಗ್ಗಿಸಿದ. "ಶರಫೋದ್ದೀನ ಈ ಮನಿ ಮಾರೂ ಮಾತ ತಗದಾನ."

ಕಸ್ತೂರಿ ಒಲೆಯ ಮುಂದೆ ಕೂತಳು. ಚಾಚಿ ಮನೆಯ ಬಗ್ಗೆ ಯಾಕೆ ಕೇಳಲಿಲ್ಲವೆಂದು ಅವಳಿಗೆ ಅರ್ಥವಾಯಿತು. ಮನೆಯ ಹೆಸರು ನಾಲಿಗೆಗೆ ಭಾರ, ಬೆಕ್ಕಿನ ಹೆಸರು ಹಗುರ. ಔರಾದಿಗೂ ವಜೀರಬೀಗೂ ನಡುವೆ ಈಗ ಉಳಿದಿದ್ದ ನಂಟು ಈ ಮೂರು ಕಾಲಿನ ಪ್ರಾಣಿಯೊಂದೇ. ಇದು ಸತ್ತರೆ ಅವಳು ಮತ್ತೆ ಈ ಕಡೆ ಯಾಕೆ ಬರುತ್ತಾಳೆ? ಮಾರಿದ ಮನೆಯ ಬೀಗದ ಕೈ ಕೊಡಿರೆಂದು ಯಾರನ್ನಾದರೂ ಕಳಿಸುತ್ತಾಳೆ, ಅಷ್ಟೇ. ಬೆಕ್ಕು ಎದ್ದು ನಿಲ್ಲಲೇಬೇಕು.

ಅವಳು ಗೂಡಿನಲ್ಲಿದ್ದ ಡಬ್ಬಿ ಇಳಿಸಿದಳು. ತನ್ನ ಬಾಣಂತನಕ್ಕೆಂದು ಭಾಲ್ಕಿಯಿಂದ ಅವ್ವ ಕಳಿಸಿದ್ದ ತಿನ್ನುವ ಅಂಟು ಅದರ ತಳದಲ್ಲಿ ಉಳಿದಿತ್ತು. ಉಂಡಿ ಕಟ್ಟಲು ಆಗುವುದು ಪಟ್ಟಿ ಕಟ್ಟಲು ಯಾಕೆ ಆಗಬಾರದು? ಬಿಸಿನೀರಿನಲ್ಲಿ ಕರಗಿಸಿ ಉದ್ದಿನ ಹಿಟ್ಟಿಗೆ ಕಲಸಿದಳು. ಗಂಡನ ಕೈಯಲ್ಲಿ ಬೆಕ್ಕನ್ನು ಕೊಟ್ಟು, ಧೊಂಡಿಬಾ ಕಟ್ಟಿದಂತೆಯೇ ಚಕ್ಕೆ ಇಟ್ಟು ಸುತ್ತಿ, ಮೇಲೆ ಬಳಿದಳು. ಒಣಗಿ ಗಟ್ಟಿಯೇನೋ ಆಯಿತು. ಆದರೆ ಬಿಜಲಿಗೆ ಅದನ್ನು ಹಲ್ಲಿನಿಂದ ಕೀಳುವ ಚಟ ಹತ್ತಿಬಿಟ್ಟಿತ್ತು.

ಆಗ ಮಗಳು ನೀಲಿ ಅಳುತ್ತ ಬಂದು ತಾಯಿಯ ಕುಪ್ಪಸಕ್ಕೆ ಕೈ ಹಾಕಿದಳು. ಒಂದೂವರೆ ವರ್ಷದ ಕೂಸು. ಮೊಲೆ ಬಿಡಿಸಲೆಂದು ಕಸ್ತೂರಿ ಬೆಳಿಗ್ಗೆಯೇ ಬೇವಿನ ತಪ್ಪಲು ಅರೆದು ಹಚ್ಚಿಕೊಂಡಿದ್ದಳು. ಕೂಸು ಬಾಯಿ ಇಟ್ಟಿತು, ಮುಖ ಹಿಂಡಿತು, ನಾಲಿಗೆ ಹೊರಗೆ ಹಾಕಿ ತಾಯಿಯನ್ನು ಮೋಸಗಾರ್ತಿಯಂತೆ ನೋಡಿತು. ಕಸ್ತೂರಿ ಮಗಳ ಮುಖ ನೋಡಿದಳು, ಒರಳಿನಲ್ಲಿ ಉಳಿದಿದ್ದ ಬೇವನ್ನು ನೋಡಿದಳು. ಬಳಿದು ತಂದು ಪಟ್ಟಿಯ ತುಂಬ ದಪ್ಪಗೆ ಮೆತ್ತಿದಳು.

ಬಿಜಲಿ ಒಮ್ಮೆ ನೆಕ್ಕಿತು. ಮೀಸೆ ನಡುಗಿದವು. ತಲೆ ಕೊಡವಿ ನಾಲಿಗೆ ಹೊರಗೆ ಹಾಕಿತು. ಕೂಸೂ ಬೆಕ್ಕೂ ಒಂದೇ ಮುಖ ಮಾಡಿಕೊಂಡು ಒಂದನ್ನೊಂದು ನೋಡುತ್ತ ಕೂತವು. ರುಕ್ಮಿಣಿಬಾಯಿಗೆ ತಡೆಯಲಾಗಲಿಲ್ಲ. ಗಡಿ ದಾಟಿ ಹೋದಾಗಿನಿಂದ ಅವಳು ಹಾಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಮರುದಿನದಿಂದ ಬೇವು ಅರೆಯುವುದು ಅತ್ತೆಯ ಕೆಲಸವಾಯಿತು. "ದಪ್ಪ ಹಚ್ಚು," ಅನ್ನುವಳು. "ಇದು ನಿನ್ನ ಮಗಳಿಗಿಂತಾ ಹಟಮಾರಿ."

ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ದಿನಾ ಬೆಳಿಗ್ಗೆ ಕಸ್ತೂರಿ ಬೆಕ್ಕಿನ ಬೆರಳು ಮುಟ್ಟಿ ಬೆಚ್ಚಗಿವೆಯೋ ಇಲ್ಲವೋ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅವು ಬಾತು ತಣ್ಣಗಾಗಿದ್ದವು. ಗಾಬರಿಯಲ್ಲಿ ಪಟ್ಟಿ ಕತ್ತರಿಸಿ, ಉಗುರುಬಿಸಿ ನೀರಿನ ಬಟ್ಟೆ ಹಿಡಿದು, ಸಂಜೆ ಮತ್ತೆ ಸಡಿಲವಾಗಿ ಕಟ್ಟಿದಳು. ಅದಾದ ಎರಡು ದಿನ ಬಿಜಲಿ ಹಾಲು ಮೂಸಲಿಲ್ಲ. ಮೂರನೆಯ ದಿನ ಬೆಕ್ಕು ನೀಲಿಯ ಕೈಯಲ್ಲಿದ್ದ ಹಾಲುರೊಟ್ಟಿಯನ್ನು ಕಸಿದು ತಿಂದಿತು. ಕೂಸು ಬೊಬ್ಬೆ ಹಾಕಿತು. ತಾಯಿ ಕೂಸನ್ನು ಸಮಾಧಾನ ಮಾಡುವುದು ಬಿಟ್ಟು ಬೆಕ್ಕಿಗೆ ಇನ್ನೊಂದು ತುಂಡು ಹಾಕಿದಳು.

ದೀಪಾವಳಿ ಕಳೆದು ಎಷ್ಟೋ ದಿನದ ಮೇಲೆ ಧೊಂಡಿಬಾ ಬಂದು ಪಟ್ಟಿ ಬಿಚ್ಚಿದ. ಕಾಲು ಕಡ್ಡಿಯಂತಾಗಿತ್ತು, ಪಾದ ತುಸು ಹೊರಕ್ಕೆ ಸೊಟ್ಟ. ಬಿಜಲಿ ನಿಂತಿತು, ವಾಲಿತು, ಮತ್ತೆ ನಿಂತಿತು.

"ಕುಂಟ್ತದ," ಅಂದ ಮುದುಕ. "ಆದ್ರ ನಡೀತದ. ತತ್ತಿ ಸುದ್ದಿ ಮಾತ್ರ ಯಾರ ಮುಂದೂ ಹೇಳಬ್ಯಾಡ ತಂಗಿ."

ಕಸ್ತೂರಿ ಮಗಳ ಮೈಗೆ ಎಣ್ಣೆ ಉಜ್ಜಿದ ಕೈಯಲ್ಲೇ ಬೆಕ್ಕಿನ ಕಾಲಿಗೂ ಉಜ್ಜತೊಡಗಿದಳು. ಕೆಲವೇ ದಿನಗಳಲ್ಲಿ ಅದು ಗೋಡೆ ಹತ್ತಿತು. ಆಮೇಲೆ ಗೋಡೆ ಇಳಿದು ಊರೆಲ್ಲ ಅಲೆಯತೊಡಗಿತು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಆ ದಿನ ಎಲ್ಲರೂ ಕಾಳು-ಸೊಪ್ಪಿನ ಭಜ್ಜಿಯ ಅಡಿಗೆ ಹೊತ್ತು ಹೊಲಕ್ಕೆ ಹೋಗಿ ಉಣ್ಣುವುದು ರೂಢಿ. ಹೋದ ವರ್ಷದವರೆಗೂ ವಜೀರಬೀ ಇವರ ಗಾಡಿಯಲ್ಲೇ ಬರುತ್ತಿದ್ದಳು. ಬಸವಣ್ಣೆಪ್ಪ ಬೀದರಿಗೆ ಹೊರಟಾಗ ಕಸ್ತೂರಿ ಗಾಡಿಯ ಬಳಿ ನಿಂತಳು.

"ಕಾಲ ಮುರದಿತ್ತು, ಈಗ ಕೂಡ್ಯದ ಅಂತ ಖರೇನೇ ಹೇಳ್ರಿ. ಎಳ್ಳಮಾಸಿಗಿ ಬರಬೇಕಂತ ಅತ್ತಿ ಹೇಳಿ ಕಳಸ್ಯಾರ ಅಂತನೂ ಹೇಳ್ರಿ."

"ನಾ ಯಾವಾಗ ಹೇಳಿದೆ?" ಎಂದು ಒಳಗಿನಿಂದ ರುಕ್ಮಿಣಿಬಾಯಿ.

"ಈಗ ಹೇಳ್ರಲ್ಲ ಅತ್ತಿ."

ಒಳಗಿನಿಂದಲೇ ಅತ್ತೆ ಕೂಗಿದಳು. "ಭಜ್ಜಿ ರುಚಿ ನೋಡಾಕ ಆಕಿ ಇಲ್ಲಾಂದ್ರ ಉಪ್ಪ ಹೆಚ್ಚಕಡಿಮಿ ಆಗ್ತದ ಅಂತ ಹೇಳೋ ಬಸವಣ್ಣ."

ವಜೀರಬೀ ಬಂದಳು. ಆದರೆ ಗಾಡಿಯಿಂದ ಅವಳಿಗಿಂತ ಮೊದಲು ಇಳಿದದ್ದು ಮುಚ್ಚಳವಿದ್ದ ಒಂದು ಖಾಲಿ ಬುಟ್ಟಿ. ಅದನ್ನು ಕಂಡೊಡನೆ ಕಸ್ತೂರಿಯ ಮುಖ ಬಾಡಿತು.

"ಬಿಜಲೀನ ಒಯ್ಯಾಕ ಬಂದೀನಿ ಬೇಟಿ," ಎಂದಳು ವಜೀರಬೀ, ಬುಟ್ಟಿಯನ್ನು ನೋಡುತ್ತಲೇ. "ಶರಫೋದ್ದೀನ ಕೇಳವಲ್ಲ. ನಾಡಿದ್ದ ಹೊಲದ ಊಟಾ ಮುಗಿಸಿ ಹೊರಡ್ತೀನಿ."

ದನಿ ಕೇಳಿದ್ದೇ ಗೋಡೆಯ ಮೇಲೆ ಬೂದು ಬಣ್ಣದ ಒಂದು ತಲೆ ಎದ್ದಿತು. ಬಿಜಲಿ ಸೊಟ್ಟಗಾಲು ಹಾಕುತ್ತ, ಅವಸರದಲ್ಲಿ ಎರಡು ಸಲ ಮುಗ್ಗರಿಸಿ, ಗೋಡೆಯ ಉದ್ದಕ್ಕೂ ಬಂದು ಒಡತಿಯ ಮುಂದೆ ಮೈ ಚೆಲ್ಲಿತು. ವಜೀರಬೀ ಆ ಕಾಲನ್ನು ಮೇಲಿನಿಂದ ಕೆಳಗಿನವರೆಗೆ ಸವರಿ ಕಣ್ಣೊರೆಸಿಕೊಂಡಳು. ಎತ್ತಿಕೊಳ್ಳಲು ಹೊಟ್ಟೆಯ ಕೆಳಗೆ ಕೈ ಹಾಕಿದವಳು ಅಲ್ಲೇ ನಿಂತಳು. ಮತ್ತೊಮ್ಮೆ ಮುಟ್ಟಿ ನೋಡಿದಳು.

"ಯಾ ಅಲ್ಲಾ!" ಎಂದು ಗಟ್ಟಿಯಾಗಿ ನಕ್ಕಳು. "ಕಸ್ತೂರಿ, ನನ್ನ ಭಾಂಡಿ ಒಂದರ ಖಾಲಿ ಕೊಟ್ಟಿ ಏನ ನೀನು? ಬೆಕ್ಕ ಸುದ್ದಾ ಖಾಲಿ ಕೊಡ್ಲಿಲ್ಲ!"

ಕಸ್ತೂರಿಗೆ ಅದು ಗೊತ್ತೇ ಇರಲಿಲ್ಲ. ಬೆಕ್ಕು ಹಾಲು ಕುಡಿದು ದಪ್ಪವಾಗಿದೆಯೆಂದು ಬೀಗುತ್ತಿದ್ದವಳು ಈಗ ನಾಚಿ ಕೆಂಪಾದಳು.

ರುಕ್ಮಿಣಿಬಾಯಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬಾಣಂತನಾ ಮಾಡ್ಬೇಕಾಗ್ತದ ಅಂತ ನಾ ಅವಾಗೇ ಅಂದಿದ್ದೆ. ತುಂಬಿದ ಬಸುರೀನ ಗಾಡ್ಯಾಗ ಹಾಕ್ಕೊಂಡು ಬೀದರಕ ಒಯ್ತಿ ಏನ ವಜೀರಬೀ? ಕುಲಕಿ ಏನರ ಆದ್ರ?"

"ಹಂಗಂದ್ರ ಮರಿ ಹಾಕೂ ತನಕ..."

"ಹಾಕಿದ ಮ್ಯಾಲ ಕಣ್ಣ ತೆರೀಬೇಕು. ಕಣ್ಣ ತೆರದ ಮ್ಯಾಲ ಇಲಿ ಹಿಡಿಯಾಕ ಕಲೀಬೇಕು. ಕುಂಟ ತಾಯಿ ಕಲಸೂದಂದ್ರ ತಡಾನೇ ಆಗ್ತದ."

ವಜೀರಬೀ ಬೆಕ್ಕಿನ ಬೆನ್ನು ಸವರುತ್ತ ಬೀಗ ಹಾಕಿದ ತನ್ನ ಬಾಗಿಲ ಕಡೆ ನೋಡಿದಳು. ಕಸ್ತೂರಿ ಒಳಗೆ ಹೋಗಿ ಬೀಗದ ಕೈ ತಂದು ಗೋಡೆಯ ಮೇಲಿಟ್ಟಳು. ಜೊತೆಗೊಂದು ಸೇರು ಜೋಳದ ಹಿಟ್ಟು. ಮನೆ ಮಾರುವ ಮಾತು ಏನಾಯಿತೆಂದು ಅವಳು ಕೇಳಲಿಲ್ಲ. ಗೋಡೆಯ ಆಚೆ ಬಾಗಿಲು ತೆರೆದ ಸದ್ದಾಯಿತು, ಪೊರಕೆಯ ಸದ್ದಾಯಿತು. ತಂದ ಬುಟ್ಟಿಯೊಳಗೆ ಹಳೆಯ ಕೌದಿಯ ತುಂಡು ಹಾಸಿ ವಜೀರಬೀ ಅದನ್ನು ಒಲೆಯ ಮಗ್ಗುಲಿಗೆ ಇಟ್ಟದ್ದು ಗೋಡೆಯ ಮೇಲಿಂದ ಕಂಡಿತು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಾಗ, ಮೊದಲಿನ ಹಾಗೆಯೇ, ಗೋಡೆಯ ಮೇಲೆ ಒಂದು ಕೈ ಕಾಣಿಸಿತು. ಕೈಯಲ್ಲಿ ಒಂದು ತುಂಡು ಕುಳ್ಳು.

"ಬೇಟಿ, ಒಲಿ ಹಚ್ಚತೀನಿ. ಒಂದೀಟ ಕೆಂಡಾ ಕೊಡು."