ಅನುಮಾನದಮ್ಮ ಮತ್ತು ನನ್ನಕ್ಕನ ಕಿಡ್ನಿ

ನನ್ನ ಬಟ್ಟೆ ಅಂಗಡಿಗೆ ಬಂದವರನ್ನು ಮೆಟ್ಟಿಲಲ್ಲೇ ಅಳೆಯುವುದು ನನ್ನ ಕಸುಬು. ಕೊಳ್ಳುವವರು ಯಾರು, ಇದ್ದಬದ್ದ ಮಾಲನ್ನೆಲ್ಲ ಹರಡಿಸಿ ‘ಆಮೇಲೆ ಬರ್ತೀವಿ’ ಅನ್ನುವವರು ಯಾರು ಎಂದು ಚಪ್ಪಲಿ ಬಿಡುವ ರೀತಿಯಲ್ಲೇ ತಿಳಿಯುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರ ಕ್ಲಿನಿಕ್ಕಿನ ನರ್ಸನ್ನೂ ಹಾಗೇ ಅಳೆದಿದ್ದೆ: ಕಡ್ಡಿಯಂಥ ಮೈ, ಇಸ್ತ್ರಿ ಕಾಣದ ಕೋಟು, ನಗುವಿನ ದಾಸ್ತಾನು ಪೂರ್ತಿ ಖಾಲಿ. ಚೌಕಾಸಿಗೆ ಬಗ್ಗುವ ಗಿರಾಕಿಯಲ್ಲ. ರೋಗಿಗಳಾದ ನಾವೆಲ್ಲ ಆಕೆಗೆ ಅನುಮಾನದಮ್ಮ ಎಂದು ಹೆಸರಿಟ್ಟಿದ್ದೆವು.

ಹೇಗಿದ್ದೀರಿ ಎಂದು ಕೇಳುವ ಮೊದಲೇ ಬಗ್ಗಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತುವಳು. ಗುಳಿ ಬಿದ್ದದ್ದು ಹಾಗೇ ನಿಂತರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ. ಆಮೇಲೆ ರೋಗಿಯನ್ನು ಬಿಟ್ಟು ಮನೆಯವರನ್ನು ಪಕ್ಕಕ್ಕೆ ಕರೆಯುವಳು. “ನಿಮ್ಮ ಯಜಮಾನ್ರು ಮಾತ್ರೆ ನುಂಗ್ತಾರೋ, ಹೂಕುಂಡಕ್ಕೆ ಹಾಕ್ತಾರೋ?”

ನನ್ನ ಹೊಟ್ಟೆಯ ಬಲಗಡೆ ಕೂತಿರುವುದು ನನ್ನಕ್ಕನ ಕಿಡ್ನಿ. ಮೈ ಅದನ್ನು ಪರರ ಸ್ವತ್ತೆಂದು ಗುರುತಿಸಿ ಕೊಲ್ಲತೊಡಗಿದರೂ ನೋವಿಲ್ಲ, ಸದ್ದಿಲ್ಲ. ಅದನ್ನು ತಡೆಯಲೆಂದೇ ಎರಡು ಹೊತ್ತು ಮಾತ್ರೆ. ಇದು ಕೆಟ್ಟರೆ ಕೊಡಲು ಅಕ್ಕನ ಬಳಿ ಇನ್ನೊಂದಿಲ್ಲ.

ಒಂದು ಸಲ ಮಾಮೂಲಿನಂತೆ ರಕ್ತ ಕೊಟ್ಟು ಬಂದ ಮರುದಿನವೇ ಫೋನು: “ಬೆಳಗಿನ ಮಾತ್ರೆ ನುಂಗದೆ ಬನ್ನಿ. ಮಾತ್ರೆ ಡಬ್ಬಿ ತನ್ನಿ. ಹೆಂಡತೀನೂ ಕರ್ಕೊಂಡು ಬನ್ನಿ.”

ಹೋದೆವು. “ಕ್ರಿಯಾಟಿನಿನ್ ಏರಿದೆ, ಅಂದ್ರೆ ಕಿಡ್ನಿ ಸೋಲ್ತಿದೆ. ರಕ್ತದಲ್ಲಿ ಮಾತ್ರೆ ಅಂಶ ಇಳಿದಿದೆ. ಯಾವಾಗಿಂದ ತಪ್ಪಿಸ್ತಿದೀರಾ?”

“ಒಂದು ಹೊತ್ತೂ ತಪ್ಪಿಸಿಲ್ಲ ಸಿಸ್ಟರ್. ಚೆನ್ನಾಗೇ ಇದೀನಲ್ಲ!”

“ಚೆನ್ನಾಗಿದೀನಿ ಅನ್ನೋರೇ ಮೊದಲು ಕೈ ಕೊಡೋದು.”

ಹೆಂಡತಿ ನಡುವೆ ಬಂದಳು. “ನಾನೇ ಕೈಗೆ ಕೊಟ್ಟು, ನುಂಗೋವರೆಗೂ ಎದುರಿಗೆ ನಿಂತಿರ್ತೀನಿ. ಈ ಮನುಷ್ಯನ್ನ ನಾನೂ ನಂಬಲ್ಲ.”

ಅನುಮಾನದಮ್ಮ ಮೊದಲ ಸಲ ಒಬ್ಬರ ಮಾತಿಗೆ ತಲೆಯಾಡಿಸಿದ್ದನ್ನು ಕಂಡೆ. ನನಗೋ, ಆಕೆಯ ರಿಪೋರ್ಟಿನ ಮೇಲೇ ಗುಮಾನಿ. “ಲ್ಯಾಬಿನವರು ಸೀಸೆ ಅದಲುಬದಲು ಮಾಡಿರಬಹುದಲ್ಲ?” ಎಂದೆ.

“ನನಗೂ ಅದೇ ಡೌಟು. ತೋಳು ಚಾಚಿ.”

ಮತ್ತೆ ತೆಗೆದ ರಕ್ತವೂ ಮಧ್ಯಾಹ್ನದ ಹೊತ್ತಿಗೆ ಅದನ್ನೇ ಹೇಳಿತು. ಆಕೆ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಮಾತ್ರೆಯನ್ನು ಬೆಳಕಿಗೆ ಹಿಡಿದಳು.

“ಇವು ಬಂದ ಪಟ್ಟಿ, ಸ್ಟ್ರಿಪ್ಪು ಎಲ್ಲಿ?”

“ಪಟ್ಟಿ ನಮ್ಮನೇಗೆ ಬರೋದೇ ಇಲ್ಲ,” ಹೆಂಡತಿಗೆ ಹೆಮ್ಮೆ. “ನನ್ನ ತಮ್ಮನದೇ ಮೆಡಿಕಲ್ ಶಾಪು. ಬಿಡಿಸಿ, ಡಬ್ಬಿ ತುಂಬಿಸಿ ಅವನೇ ತಂದ್ಕೊಡ್ತಾನೆ.”

“ಮನೆಯವರೇ ಅಂದ್ರೆ ಇನ್ನೂ ಭಯ. ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ.”

ಭಾವಮೈದ ಆ ಕಡೆಯಿಂದ ನಗುತ್ತಲೇ ಹೇಳಿದ: “ಹಳೇ ಕಂಪನಿದು ಸಿಗ್ತಿರ್ಲಿಲ್ಲ ಭಾವ. ನಿಮಗ್ಯಾಕೆ ತಲೆಬಿಸಿ ಅಂತ ಬೇರೆ ಕಂಪನಿದು ಹಾಕ್ದೆ. ಒಳಗಿರೋ ಮದ್ದು ಅದೇ ಬಿಡಿ.”

ವ್ಯಾಪಾರಿಯಾದ ನನ್ನ ಕಿವಿಗೆ ಮಾತು ನ್ಯಾಯವಾಗೇ ಕೇಳಿಸಿತು. ಅನುಮಾನದಮ್ಮ ಫೋನು ಕಿತ್ತುಕೊಂಡಳು.

“ಮದ್ದು ಅದೇ ಇರಬಹುದು. ಇವರ ಮೈಗೆ ಹತ್ತಬೇಕಲ್ಲ? ಕಂಪನಿ ಬದಲಾದ್ರೆ ನಮಗೆ ಹೇಳ್ಬೇಕು, ರಕ್ತ ನೋಡಿ ಪ್ರಮಾಣ ಸರಿಮಾಡ್ಬೇಕು. ನಿಮ್ಮ ಪ್ರೀತಿ ಕಿಡ್ನಿಗೆ ಗೊತ್ತಾಗಲ್ಲ.”

ಫೋನಿಟ್ಟವಳೇ ಡಾಕ್ಟರನ್ನು ಕರೆತಂದಳು. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು. ಹೌದು, ಮೈ ಅದನ್ನು ಹೊರದಬ್ಬಲು ಶುರುಮಾಡಿತ್ತು. ಇನ್ನಷ್ಟು ತಡವಾಗಿದ್ದರೆ ತಡೆಯುವುದು ಕಷ್ಟವಿತ್ತು ಎಂದರು ಡಾಕ್ಟರು. ಹಳೇ ಕಂಪನಿಯ ಮಾತ್ರೆಯನ್ನೇ ಹುಡುಕಿ ತರಿಸಿದರು; ಮಲಗಿಸಿ ಡ್ರಿಪ್ಪಿನಲ್ಲಿ ಔಷಧ ಬಿಟ್ಟರು.

ವಾರ್ಡಿಗೆ ಬಂದ ಅಕ್ಕ, “ಲೋ, ಒಂದ್ಸಲ ಕೊಟ್ಟ ಮಾಲು ವಾಪಸ್ ತಗೊಳ್ಳಲ್ಲ, ನೆಟ್ಟಗೆ ಇಟ್ಕೊಳ್ಳೋ” ಎಂದು ನಕ್ಕಳು. ನಕ್ಕವಳೇ ಬಗ್ಗಿ, ನನ್ನ ಕಣಕಾಲಿನ ಮೇಲೆ ತಾನೂ ಹೆಬ್ಬೆರಳು ಒತ್ತಿ ನೋಡಿದಳು.

ಕ್ರಿಯಾಟಿನಿನ್ ಇಳಿಯಿತು, ಪೂರ್ತಿ ಮೊದಲಿನಷ್ಟಕ್ಕಲ್ಲ, ಬದುಕುವಷ್ಟಕ್ಕೆ. ಭಾವಮೈದ ಈಗ ಪಟ್ಟಿಗಳನ್ನು ಬಿಡಿಸದೆಯೇ ತರುತ್ತಾನೆ. ಆದರೂ ಹೋದ ವಾರ ಅನುಮಾನದಮ್ಮ ನನ್ನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, “ಇಬ್ಬರೂ ಸೇರ್ಕೊಂಡು ಏನೂ ಮುಚ್ಚಿಡ್ತಿಲ್ಲ ತಾನೆ?” ಎಂದಳು.

ಕಿಡ್ನಿ ಕೊಟ್ಟವಳು ನನ್ನಕ್ಕ. ಅದು ಇವತ್ತಿಗೂ ನನ್ನಲ್ಲಿ ಉಳಿದಿರುವುದಕ್ಕೆ ನಾನು ಅನುಮಾನದಮ್ಮನಿಗೆ ಋಣಿ.