ಸರುಬಾಯಿ ಹುಡುಕಿದ ಹೆಸರು

ಮೋರಖಂಡಿಯ ಸರುಬಾಯಿ ಕುರಿ ಕಾಯುವವರ ಮನೆಯವಳು. ಅಂಗಡಿಗಳ ಮೇಲಿನ ಹೆಸರಿನ ಪಾಟಿಗಳನ್ನು ನೋಡಿ ನೋಡಿ ಅಕ್ಷರ ಕಲಿತು, ಏಕಾದಶಿಯ ಭಜನೆಗೆ ತಾನೇ ಪದ ಕಟ್ಟುತ್ತಿದ್ದಳು. ಆ ಪದಗಳಿಗೆಲ್ಲ ಒಂದೇ ತೊಡಕು: ಗಂಡನ ಹೆಸರು ಪಾಂಡುರಂಗ. ಗಂಡನ ಹೆಸರು ನಾಲಿಗೆಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಕಡೆಯ ಹೆಂಗಸರು ನಂಬಿದವರು. ದೇವರನ್ನು ಕರೆಯಲೂ ಆ ಹೆಸರು ಅವಳ ಬಾಯಿಗೆ ಬರುತ್ತಿರಲಿಲ್ಲ, ಬರೆಯುವ ಕೈಗೂ ಬರುತ್ತಿರಲಿಲ್ಲ.

ಆ ಜಾಗದಲ್ಲಿ 'ವಿಠ್ಠಲ' ಎಂದು ಬರೆಯುತ್ತಿದ್ದಳು. ತಾಳಕ್ಕೆ ಅದು ಗಿಡ್ಡ. ಸಾಲಿನ ಕೊನೆಗೆ ಒಂದು ಏಟು ಖಾಲಿ ಬೀಳುತ್ತಿತ್ತು.

"ಸರುವಕ್ಕ, ನಿನ್ನ ಗಂಡ ತಾಳದಾಗ ಕುಣಿ ತೋಡ್ಯಾನ ನೋಡು. ದಿನಾ ನಾನೇ ಬೀಳಾಕತ್ತೇನಿ," ಎಂದು ತಾಳ ಹಾಕುವ ಭೀಮಶಾ ಕಾಡುತ್ತಿದ್ದ.

ಅವಳ ಪಾಡು ನೋಡಿ ಕಲ್ಯಾಣದ ಉತ್ತಮ ಎಂಬ ಮಾಸ್ತರರು ಒಂದು ಸಮಾನಾರ್ಥಕ ಪದಗಳ ಪುಸ್ತಕ ತಂದುಕೊಟ್ಟರು. ಹರಿ, ಕೇಶವ, ಮಾಧವ, ಅಚ್ಯುತ ಎಂದು ಒಂದೊಂದನ್ನೂ ಬೆರಳಿನಿಂದ ತಾಳ ಕುಟ್ಟಿ ನೋಡಿದಳು. 'ಪದ್ಮನಾಭ' ಅಳತೆಗೆ ಸರಿಯಾಗಿ ಕೂತಿತು. ಒಮ್ಮೆ ಹಾಡಿ, ನೆರೆಮನೆಯವಳೂ ಭಜನೆಯ ಜೊತೆಗಾತಿಯೂ ಆದ ನನ್ನ ಮುಖ ನೋಡಿದಳು.

"ಇಂವ ಯಾರೋ ದೊಡ್ಡವರ ಮನಿ ದೇವ್ರು, ಯವ್ವ. ಇಟ್ಟಂಗಿ ಮ್ಯಾಲ ನಿಂತ ನಮ್ಮ ವಿಠ್ಠಲ ಅಲ್ಲ," ಎಂದು ಆ ಹೆಸರಿನ ಮೇಲೆ ಗೀಟು ಎಳೆದಳು.

ಎಪ್ಪತ್ತಾರನೇ ಇಸವಿಯಲ್ಲಿ ಪಾಂಡುರಂಗನ ಎದೆಯಲ್ಲಿ ನೀರು ತುಂಬಿತು. ಹುಮನಾಬಾದಿನ ದವಾಖಾನೆಗೆ ನಾನೂ ಜೊತೆಗೆ ಹೋದೆ. ಇನ್ನು ಮನೆಗೆ ಒಯ್ಯಿರಿ ಎಂದು ಡಾಕ್ಟರು ಹೇಳಿದ ದಿನ ಅವನು ಹೆಂಡತಿಯನ್ನು ಹತ್ತಿರ ಕರೆದ.

"ಸರೂ, ಲಗ್ನದಾಗ ಎಲ್ಲಾರ ಮುಂದ ಒಡಪದ ಪದ ಕಟ್ಟಿ ನನ್ನ ಹೆಸರ ಹೇಳಿದ್ದಿ. ಮತ್ತೊಮ್ಮೆ ಕೇಳಬೇಕನಸಾಕತ್ತಾದ."

"ಅವತ್ತ ನೀವು ಗಟ್ಟಿ ಇದ್ರಿ."

"ಕಮ್ಮಿ ಆಗ್ಲಾಕ ಈಗ ಏನ್ ಉಳದಾದ?" ಎಂದು ನಕ್ಕ. ಕೆಮ್ಮು ಬಂತು.

ಅವಳು ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಚೀಲದಿಂದ ಪುಸ್ತಕ ತೆಗೆದು, ಆ ಹೆಸರು ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟು ಅವನ ಮುಂದೆ ಹಿಡಿದಳು. ಅವನಿಗೆ ಓದು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ.

"ನೀ ಅಲ್ಲವ್ವ ತಂಗಿ. ಅಕಿ," ಎಂದ.

ಅವಳು ತನ್ನ ಪದವನ್ನೇ ಹಾಡತೊಡಗಿದಳು. 'ವಿಠ್ಠಲ' ಎಂದು ನಿಂತಳು. ತಾಳ ಇರಲಿಲ್ಲವೆಂದು ನಾನು ಮಂಚದ ಕಬ್ಬಿಣದ ಮೇಲೆ ಆ ಖಾಲಿ ಏಟು ಹಾಕಿದೆ. ಅವನು ಅಷ್ಟಕ್ಕೇ ಕಿವಿ ಕೊಟ್ಟು ಮಲಗಿದ್ದ. ಸಾಲು ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಆ ಹೆಸರಿಗಾಗಿ ಅವಳ ತುಟಿಗಳು ಕೂಡುತ್ತಿದ್ದವು, ಕೂಡಿಯೇ ಉಳಿಯುತ್ತಿದ್ದವು.

ಅವನ ಉಸಿರು ನಿಂತದ್ದು ನನಗೆ ಮೊದಲು ಗೊತ್ತಾಯಿತು. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ಹೇಳಲಾರದೆ, ನಾನು ಏಟು ಹಾಕುತ್ತ ಕೂತೆ.