ಕುರುಗೋಡಿನಲ್ಲಿ ಒಂದು ಗ್ರೀಕ್ ಸಾವು

ನೀವು ಇದನ್ನು ನಂಬುವುದಿಲ್ಲ, ನನಗೆ ಗೊತ್ತು. ನಂಬಬೇಡಿ, ನನಗೇನೂ ನಷ್ಟವಿಲ್ಲ. ನಾನು ಹೇಳಿದ್ದನ್ನೆಲ್ಲ ಊರು ನಂಬಿಬಿಟ್ಟಿದ್ದರೆ ನನ್ನ ಬಾಳಿನಲ್ಲಿ ಮಜಾವೇ ಇರುತ್ತಿರಲಿಲ್ಲ.

ಹೋದ ವಾರ ಬಳ್ಳಾರಿಯಲ್ಲಿ ಹುಡುಗರು ಕಪ್ಪು ಅಂಗಿ ತೊಟ್ಟು ಒಂದು ಗ್ರೀಕ್ ದುರಂತ ನಾಟಕ ಆಡಿದರು. ನಟಿಯೊಬ್ಬಳು ಪಕ್ಕದಲ್ಲೇ ಹಾದುಹೋದಳು, ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಅಷ್ಟರಲ್ಲಿ ಮೈಕಿನಲ್ಲಿ ಒಬ್ಬ, "ನಮ್ಮ ಜಿಲ್ಲೆಯಲ್ಲಿ ಇದೇ ಮೊದಲು" ಎಂದ. ನಾನು ನಕ್ಕ ಜೋರಿಗೆ ಪಕ್ಕದ ಹೆಂಗಸು ಉಬ್ಬಸವೆಂದು ತಿಳಿದು ನೀರು ಕೊಟ್ಟಳು. ಮೊದಲಂತೆ! ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದಾಗಲೇ ಕುರುಗೋಡಿನಲ್ಲಿ ನಾವು ಆಡಿ ಮುಗಿಸಿದ್ದೆವು ಸ್ವಾಮಿ.

ಆಡಿಸಿದವರು ನಮ್ಮ ಇಂಗ್ಲಿಷ್ ಮೇಷ್ಟ್ರು. ಕಂಟೋನ್ಮೆಂಟಿನಲ್ಲಿ ಬಿಳಿ ದೊರೆಯೊಬ್ಬ ಊರು ಬಿಟ್ಟಾಗ ಅವರ ಕೈಗೊಂದು ದಪ್ಪ ಪುಸ್ತಕ ಸಿಕ್ಕಿತ್ತು. ಅದರೊಳಗಿನ ಕಥೆ ಇಷ್ಟು: ಊರಿನ ಮೇಲೆ ದಂಡೆತ್ತಿ ಬಂದು ಸತ್ತವನಿಗೆ ಯಾರೂ ಮಣ್ಣು ಹಾಕಕೂಡದೆಂದು ಅರಸನ ಅಪ್ಪಣೆ. ತಂಗಿ ಕೇಳಲಿಲ್ಲ, ಅಣ್ಣನಿಗೆ ಒಂದು ಹಿಡಿ ಮಣ್ಣು ಹಾಕಿದಳು. ಅರಸ ಅವಳನ್ನು ಗವಿಗೆ ತಳ್ಳಿದ, ಅವಳು ಅಲ್ಲೇ ಉರುಲು ಹಾಕಿಕೊಂಡಳು. ಮೇಷ್ಟ್ರು ಅರಸನನ್ನು ಪಾಳೆಗಾರ ಮಾಡಿ, ಗವಿಯನ್ನು ಕುರುಗೋಡಿನ ಬೆಟ್ಟಕ್ಕೆ ತಂದರು. ಕಥೆಯ ನಡುನಡುವೆ ಗುಂಪಾಗಿ ನಿಂತು ಹಾಡುವವರನ್ನು ಏನು ಮಾಡುವುದೆಂದು ಮಾತ್ರ ತಿಳಿಯದೆ ಒದ್ದಾಡುತ್ತಿದ್ದರು. "ಸಾರ್, ಅದು ನಮ್ ಬಯಲಾಟದ ಹಿಮ್ಮೇಳ ಅಲ್ಲೇನ್ರಿ?" ಎಂದವನು ನಾನೇ. ಜಗತ್ತಿನ ಪಂಡಿತರಿಗೆ ಇದನ್ನು ಯಾರಾದರೂ ತಿಳಿಸಬೇಕು.

ಬಯಲಾಟವೆಂದರೆ ಇರುಳಿಡೀ ನಡೆಯುವುದು. ಆದರೆ ಗ್ರೀಕರು ಹಗಲಿನಲ್ಲೇ ಆಡುತ್ತಿದ್ದರು ಎಂದು ಮೇಷ್ಟ್ರು ಹಠ ಹಿಡಿದರು. ಸುಡುಬಿಸಿಲಿನಲ್ಲಿ ಆಟದ ಅಟ್ಟ ಹತ್ತಿದ ನಮ್ಮನ್ನು ಜನ, "ಹಗಲುವೇಷದೋರು ಬಂದಾರ" ಎಂದು ಮಕ್ಕಳಿಗೆ ತೋರಿಸಿದರು.

ತಂಗಿಯ ಪಾತ್ರ ಬಸಣ್ಣನದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಪಕ್ಕದ ಮನೆಯವನು, ಸೀರೆ ಉಟ್ಟರೆ ಅವನ ತಾಯಿಯೇ ಗುರುತಿಸುತ್ತಿರಲಿಲ್ಲ. ದೇಶನೂರಿನ ಗೌಡರ ಮಗಳೊಂದಿಗೆ ಅವನಿಗೆ ವೀಳ್ಯ ಆಗಿ, ಮದುವೆ ಗೊತ್ತಾಗಿತ್ತು. ಹುಡುಗಿಯನ್ನು ಸಿರುಗುಪ್ಪದ ಸಂತೆಯಲ್ಲಿ ಒಮ್ಮೆ ಕಂಡವನು, ಅಂದಿನಿಂದ ಅರ್ಧ ಊಟ ಬಿಟ್ಟಿದ್ದ. ಆಟದ ದಿನ ಗೌಡರೇ ಬಂಡಿ ಕಟ್ಟಿಕೊಂಡು ಬಂದರು. ಬಣ್ಣ ಹಚ್ಚುವ ಚಪ್ಪರಕ್ಕೆ ನುಗ್ಗಿ, ಕಥೆ ಏನೆಂದು ವಿಚಾರಿಸಿದರು.

"ಸೀರಿ ಉಟ್ಟಿದ್ದಕ್ಕ ನಂದೇನೂ ಇಲ್ರಿ ಮೇಷ್ಟ್ರ, ಚಂದ ಕಾಣ್ತಾನ," ಎಂದರು. "ಆದ್ರ ವೀಳ್ಯ ಹಿಡಿದ ಹುಡುಗ ಲಗ್ನಕ್ಕ ಮೊದ್ಲು ಸಾಯಬಾರ್ದು. ಆಟದಾಗ ಸತ್ರೂ ಅಪಶಕುನ. ಸತ್ರ ಸಂಬಂಧ ಅಲ್ಲಿಗೇ ಮುರೀತು."

"ನಿಮ್ ಕಣ್ಣೆದುರಿಗೆ ಸಾಯಂಗಿಲ್ರಿ ಗೌಡ್ರ," ಎಂದರು ಮೇಷ್ಟ್ರು. "ಗ್ರೀಕರದ್ದು ಒಂದು ಪದ್ಧತಿ ಐತಿ. ಸಾವು ಒಳಗ ಆಕ್ಕೈತಿ. ಸೇವಕ ಹೊರಗ ಬಂದು ಸುದ್ದಿ ಹೇಳ್ತಾನ, ಅಷ್ಟ."

"ಒಳಗ ಸತ್ರ ಬದುಕ್ದಂಗ ಆತೇನ್ರಿ?" ಎಂದು ಗೌಡರು ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ಆ ಸೇವಕ ನಾನು. ಬಸಣ್ಣ ಬಳೆ ತೊಟ್ಟ ಕೈಯಲ್ಲಿ ನನ್ನ ತೋಳು ಹಿಡಿದ. "ಲೇ, ನಿನ್ ಕಾಲ್ ಹಿಡೀತೀನಿ, ನನ್ನ ಸಾಯಿಸಬ್ಯಾಡೋ. ಉಳಿದಾಳ ಅಂದುಬಿಡು."

ಮೇಷ್ಟ್ರ ಕಿವಿಗೆ ಅದು ಬಿತ್ತು. "ಒಂದಕ್ಷರ ಬದಲಾದ್ರ ನೀ ನನ್ ಮಕ ನೋಡಬ್ಯಾಡ," ಎಂದು ನನ್ನನ್ನು ಗದರಿಸಿದರು.

ಆಟ ಏರಿತು. ಬಸಣ್ಣ ಬೆಳಕಿಗೆ ವಿದಾಯ ಹೇಳಿ ಗವಿಗೆ ಹೊರಟಾಗ ಹೆಂಗಸರ ಕಡೆಯಿಂದ "ಅಯ್ಯೋ ದೇವುಡಾ" ಎಂಬ ಬಿಕ್ಕು ಕೇಳಿಸಿತು. ಇನ್ನು ನನ್ನ ಸರದಿ. ಆಗ ನೋಡಿ, ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಸಾವು ಒಳಗಾಗುವುದಾದರೆ, ಸಾಯುವವನೂ ಒಳಗೇ ಇರಬೇಕೆಂದು ಯಾವ ಗ್ರೀಕ ಹೇಳಿದ್ದಾನೆ? ಬಸಣ್ಣನ ಮುಖಕ್ಕೆ ಬಳಿದಿದ್ದ ಹಳದಿ ಅರದಾಳ ತೊಳೆದು, ಪಂಚೆ ಸುತ್ತಿ, ಹಿಂದಿನಿಂದ ಕಳಿಸಿ ಗೌಡರ ಪಕ್ಕದಲ್ಲಿ ಕೂರಿಸಿದೆ.

ನಾನು ಅಟ್ಟ ಹತ್ತಿದೆ. ಬಯಲಾಟದ ಪದ್ಧತಿಯಂತೆ, ಆಟ ನಡೆಸುವ ಸಾರಥಿ ಕೇಳಿದ: "ಬಂದಂಥವರು ಯಾರು? ಬಂದ ಕಾರಣವೇನು?" ಮುಂದಿನ ಸಾಲಿನಲ್ಲಿ ಬಸಣ್ಣ ಮಂಡಕ್ಕಿ ತಿನ್ನುತ್ತಿದ್ದ. ಅವನ ಇನ್ನೊಂದು ಕೈ ಗೌಡರ ಮುಷ್ಟಿಯಲ್ಲಿತ್ತು.

"ಸಾರಥೀ, ನಮ್ಮೊಡತಿ ಇನ್ನಿಲ್ಲ. ಉಟ್ಟ ಸೀರೆಯ ಸೆರಗಿಗೇ ಕೊರಳು ಕೊಟ್ಟಳು!" ಎಂದು ಕೂಗಿದೆ. ಬೆಟ್ಟ ಎರಡು ಸಲ ತಿರುಗಿ ಹೇಳಿತು.

ಗೌಡರು ಅಟ್ಟ ನೋಡಿದರು, ಬಸಣ್ಣನನ್ನು ನೋಡಿದರು, ಮತ್ತೆ ಅಟ್ಟ ನೋಡಿದರು. ಆಮೇಲೆ ಅವರ ಮೀಸೆ ಅದುರಿತು. "ಎಂಥಾ ಹುಡುಗೀನ ಕೊಂದೆಲೇ, ಸುಡುಗಾಡು ಅರಸ!" ಎಂದು ಗೊಳೋ ಎಂದು ಅತ್ತರು. ಅಳುತ್ತಲೇ ಪಕ್ಕದವನಿಗೆ ಬಸಣ್ಣನ ಕೈ ಎತ್ತಿ ತೋರಿಸಿದರು. "ಇಂವ ನಮ್ ಅಳಿಯ. ಗಟ್ಟಿಮುಟ್ಟಾಗಿ ಅದಾನ, ನೋಡ್ರಿ." ಮದುವೆ ಹೇಳಿದ ದಿನಕ್ಕೇ ಆಯಿತು. ನಾನು ಎಷ್ಟು ಹೋಳಿಗೆ ತಿಂದೆನೆಂದು ಹೇಳಿದರೆ ಅದನ್ನೂ ನೀವು ನಂಬುವುದಿಲ್ಲ.

ಹೋದ ವಾರವೂ ಸೇವಕ ಬಂದು ಸುದ್ದಿ ಹೇಳಿದ. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ನನ್ನ ಕತ್ತು ಮಾತ್ರ ತಾನಾಗಿ ಮುಂದಿನ ಸಾಲಿನತ್ತ ಹೊರಳಿತು, ಸತ್ತವಳು ಎಲ್ಲಿ ಕೂತಿದ್ದಾಳೆಂದು. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಈ ಕಥೆ ಹೇಳುತ್ತ ಒಂದು ಸುಳ್ಳು ಸೇರಿಸಿಕೊಂಡೇ ಬಂದಿದ್ದೇನೆ. ಇವತ್ತು ಇಳಿಸಿಬಿಡುತ್ತೇನೆ, ಹಗುರಾಗಲಿ.

ಆ ಮಿಂಚು ಹೊಡೆದದ್ದು ನನ್ನ ತಲೆಯಲ್ಲಲ್ಲ. ಬಸಣ್ಣನಿಗಾಗಿ ಆಟ ಕೆಡಿಸಲೆಂದೇ ನಾನು ಅಟ್ಟ ಹತ್ತಿದ್ದೆ. 'ಉಳಿದಾಳ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೆ, ನೋಡಿದರೆ ಬಸಣ್ಣ ಆಗಲೇ ಮುಂದಿನ ಸಾಲಿನಲ್ಲಿದ್ದ. ಅವನ ಬೆನ್ನ ಹಿಂದೆ ಮೇಷ್ಟ್ರು ಏನೂ ತಿಳಿಯದವರಂತೆ ನಿಂತಿದ್ದರು. ಅವರ ಕೈ ಎರಡೂ ಮೊಣಕೈವರೆಗೆ ಅರದಾಳದಿಂದ ಹಳದಿಯಾಗಿದ್ದವು.